ಹತ್ತು ನಿಮಿಷದ ಕೆಲಸ, ಐನೂರು ರೂಪಾಯಿ

ಕೀಲಿಕೈ ಕಳೆದ ದಿನ ಎಷ್ಟು ಕೊಡಬೇಕು, ಯಾತಕ್ಕೆ ಕೊಡಬೇಕು? ಗಡಿ ಊರು ಚಿಂತಾಕಿಯ ಒಂದು ಬೆಳಗಿನಲ್ಲಿ ಶುರುವಾದ ಲೆಕ್ಕ.

"ಐನೂರು ಕೊಡ್ರಿ" ಅಂದರು ಅವರು. "ಹತ್ತು ನಿಮಿಷ ಸೈತ ಹಿಡೀಲಿಲ್ಲಲ್ರೀ!" ಅಂದೆ ನಾನು. ಅವರು ಮರುಮಾತಾಡದೆ ಹೊಸ್ತಿಲ ಮೇಲೆ ಹಾಸಿದ್ದ ಗೋಣಿಚೀಲ ಝಾಡಿಸಿ ಮಡಚತೊಡಗಿದರು. ಹಿತ್ತಾಳೆಯ ಹೊಳೆಯುವ ಪುಡಿ ಬಾಗಿಲ ಮುಂದಿನ ರಂಗೋಲಿಯ ಮೇಲೆ ಬಿತ್ತು.

ಔರಾದ್ ತಾಲ್ಲೂಕಿನ ಹೋಬಳಿ ಕೇಂದ್ರ ಚಿಂತಾಕಿಯಲ್ಲಿ ನಮ್ಮ ಅಕ್ಕನ ಮನೆ ಇದೆ. ಹಿಂದಿನ ದಿನ ನಾವೆಲ್ಲ ನಾರಾಯಣಖೇಡ ಕಡೆಯ ಒಂದು ಮದುವೆಗೆ ಹೋಗಿದ್ದೆವು. ಗಡಿ ದಾಟಿದರೆ ತೆಲಂಗಾಣ. ಅಲ್ಲಿಯೂ ಬಂಧುಬಳಗ, ಇಲ್ಲಿಯೂ ಬಂಧುಬಳಗ. ರಾತ್ರಿ ಹಿಂದಿರುಗಿ ಅಂಗಳದಲ್ಲಿ ಜೀಪಿನಿಂದ ಇಳಿದಾಗ ಅಕ್ಕ ಸೆರಗಿನ ಗಂಟು ಬಿಚ್ಚಿ ನೋಡಿದಳು, ಚೀಲ ಸುರುವಿ ನೋಡಿದಳು. ಚಾವಿ ಇಲ್ಲ. ಮದುವೆ ಮನೆಯ ಗದ್ದಲದಲ್ಲಿ ಎಲ್ಲಿ ಬಿತ್ತೋ. ಓಣಿಯವರು ಟಾರ್ಚು ಹಿಡಿದು ಬಂದರು. ಒಬ್ಬರು ಕಲ್ಲು ತಂದರು, ಇನ್ನೊಬ್ಬರು ಹಾರೆ ತಂದರು. "ಎರಡು ಏಟು ಹಾಕಿದ್ರ ಬೀಳ್ತದ" ಎಂದರು. ಅಕ್ಕ ಒಪ್ಪಲಿಲ್ಲ. ಅದು ಅವಳ ಮಾವನ ಕಾಲದ ಸಾಗವಾನಿ ಬಾಗಿಲು. ಕೊಂಡಿ ಕಿತ್ತರೆ ಚೌಕಟ್ಟು ಸೀಳುತ್ತದೆ. ಚೌಕಟ್ಟು ಸೀಳಿದರೆ ಬಡಗಿ ಬೇಕು, ಹೊಸ ಕೊಂಡಿ ಬೇಕು, ಹೊಸ ಬೀಗ ಬೇಕು. ಆ ರಾತ್ರಿ ಪಕ್ಕದ ಮನೆಯ ಪಡಸಾಲೆಯಲ್ಲಿ ಮಲಗಿದೆವು.

ಬೆಳಿಗ್ಗೆ ಔರಾದ್‌ಗೆ ಫೋನ್ ಮಾಡಿದೆವು. ಕೀಲಿ ಮಾಡುವವರು ಬೈಕ್ ಮೇಲೆ ಬಂದರು. ಬೀಗಕ್ಕೆ ಕೈ ಹಾಕುವ ಮುಂಚೆ ಅವರು ಕೇಳಿದ್ದು ಒಂದೇ ಮಾತು: "ಮನಿ ಯಾರದು? ಓಣಿ ಹಿರೇರನ್ನ ಯಾರನ್ನರ ಕರೀರಿ." ಪಕ್ಕದ ಮನೆಯ ಅಜ್ಜ ಬಂದು ಹೌದೆಂದ ಮೇಲೆಯೇ ಅವರ ಚೀಲ ಬಿಚ್ಚಿತು. ಅದರಲ್ಲಿ ಒಂದು ಕೋರಾ ಚಾವಿ, ಅಂದರೆ ಹಲ್ಲು ಕೊರೆಯದ ಖಾಲಿ ಚಾವಿ. ಅದನ್ನು ಬೀಗದೊಳಗೆ ತೂರಿಸಿ, ಬಿಗಿಯಾಗಿ ಹಿಡಿದು ಮೆಲ್ಲಗೆ ತಿರುವಿದರು. ಹೊರಗೆ ತೆಗೆದು ಬಿಸಿಲಿಗೆ ಓರೆಯಾಗಿ ಹಿಡಿದರು. ನಾನೂ ಬಗ್ಗಿ ನೋಡಿದೆ. ಹಿತ್ತಾಳೆಯ ಅಂಚಿನ ಮೇಲೆ ಇರುವೆ ಕಚ್ಚಿದಷ್ಟು ಸಣ್ಣ ಗುರುತುಗಳು ಎರಡೋ ಮೂರೋ ಇದ್ದವು. ಗುರುತು ಬಿದ್ದಲ್ಲಿ ಮಾತ್ರ ಅರ ಆಡಿಸಿದರು, ಮತ್ತೆ ತೂರಿಸಿದರು, ಮತ್ತೆ ನೋಡಿದರು. ಐದನೆಯದೋ ಆರನೆಯದೋ ಸಲಕ್ಕೆ ಬೀಗದ ಕಿವಿ ಟಕ್ ಎಂದು ಮೇಲೆದ್ದಿತು. ಬಾಗಿಲಿಗೆ ಗೀರೂ ಬಿದ್ದಿರಲಿಲ್ಲ, ಬೀಗಕ್ಕೆ ಏಟೂ ತಗುಲಿರಲಿಲ್ಲ. ಮೇಲಾಗಿ ಕೈಯಲ್ಲಿ ಹೊಸ ಚಾವಿ.

ಅದಕ್ಕೆ ಐನೂರು. ನಾನು ಮುಖ ಬಿಗಿದೇ ಕೊಟ್ಟೆ. ಅವರು ಹೊರಡುವಾಗ ಲೆಕ್ಕ ಬಿಡಿಸಿ ಹೇಳಿದರು: "ಚಾವಿ ಮಾಡಿದ್ದಕ್ಕ ಎರಡುನೂರಾ ಐವತ್ತು. ಉಳಿದದ್ದು ರಸ್ತಾದ್ದು, ಮುಚ್ಚಿ ಬಂದ ದುಕಾನದ್ದು." ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಬೆಲೆ ಕೇಳದೆ ಕರೆದದ್ದು ನನ್ನ ತಪ್ಪು. ಬಂದವರ ಕೌಶಲವನ್ನು ಗಡಿಯಾರದಿಂದ ಅಳೆದದ್ದು ಅದಕ್ಕಿಂತ ದೊಡ್ಡ ತಪ್ಪು. ಅಂದಿನಿಂದ ಈ ದರದ ವಿಷಯವನ್ನು ಗಮನವಿಟ್ಟು ಕೇಳುತ್ತ, ನೋಡುತ್ತ ಬಂದಿದ್ದೇನೆ. ಕೀಲಿಕೈ ಒಂದಲ್ಲ ಒಂದು ದಿನ ಎಲ್ಲರ ಕೈಯಿಂದಲೂ ಜಾರುತ್ತದೆ. ಆ ದಿನ ಯಾರೂ ಮೋಸ ಹೋಗಬಾರದು, ಯಾರೂ ಮೋಸ ಮಾಡಬಾರದು.

ಒಂದು ವಸ್ತು, ನಾಲ್ಕು ಭಾಷೆ

ಬೀದರ್ ಸೀಮೆಯಲ್ಲಿ ಬೀಗದ ವ್ಯವಹಾರಕ್ಕೆ ಮೊದಲು ಭಾಷೆ ಹೊಂದಬೇಕು. ಮೈಸೂರು ಕಡೆ ಬೀಗ, ಬೀಗದ ಕೈ. ನಮ್ಮ ಕಡೆ ಕೀಲಿ ಎಂದರೆ ಬೀಗ, ಕೀಲಿಕೈ ಎಂದರೆ ಅದನ್ನು ತೆರೆಯುವುದು. ಗಡಿಯಾಚೆಯ ಮರಾಠಿಯಲ್ಲಿ 'ಕುಲೂಪ್' ಬೀಗ, 'ಕಿಲ್ಲಿ' ಎಂದರೆ ಚಾವಿ. ತೆಲುಗರಿಗೆ 'ತಾಳಂ', ದಖನಿಯವರಿಗೆ 'ತಾಲಾ'. ಚಾವಿ ಎಂಬ ಮಾತೇ ಪೋರ್ಚುಗೀಸರ ಹಡಗಿನಲ್ಲಿ ಬಂದು ನಮ್ಮ ಅಡುಗೆಮನೆಯ ಗೂಟಕ್ಕೆ ತೂಗುಬಿದ್ದದ್ದು. ಆದ್ದರಿಂದ ಫೋನಿನಲ್ಲಿ "ಕೀಲಿ ಹೋಗ್ಯಾದ" ಎಂದರೆ ಸಾಲದು. ಬೀಗ ಕೆಟ್ಟಿದೆಯೋ, ಚಾವಿ ಕಳೆದಿದೆಯೋ, ಚಾವಿ ಒಳಗೇ ಮುರಿದಿದೆಯೋ ಎಂದು ಬಿಡಿಸಿ ಹೇಳಬೇಕು. ಮೂರೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಬೆಲೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಬೀಗದ ಮುಂಭಾಗದ, ಕೀಲಿಕಿಂಡಿಯ ಒಂದೊಂದು ಫೋಟೊ ಕಳಿಸಿದರೆ ಬರುವವರು ಸರಿಯಾದ ಕೋರಾ ಚಾವಿಯನ್ನೇ ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ, ಎರಡನೆಯ ಓಡಾಟ ತಪ್ಪುತ್ತದೆ.

ಬೀಗದ ಹೊಟ್ಟೆಯೊಳಗೆ

ಬೆಲೆ ಅರ್ಥವಾಗಬೇಕಾದರೆ ಬೀಗದ ಒಳಗು ಸ್ವಲ್ಪ ತಿಳಿದಿರಬೇಕು. ನಮ್ಮ ಮನೆಗಳಲ್ಲಿರುವುದು ಹೆಚ್ಚಾಗಿ ಎರಡು ಜಾತಿ. ಒಂದು ಲಿವರ್ ಬೀಗ. ಒಳಗೆ ತೆಳುವಾದ ಹಲಗೆಗಳು ಒಂದರ ಮೇಲೊಂದು ಕೂತಿರುತ್ತವೆ. ಚಾವಿಯ ಹಲ್ಲು ಪ್ರತಿಯೊಂದನ್ನೂ ಸರಿಯಾದ ಎತ್ತರಕ್ಕೆ ಎತ್ತಿದಾಗ ಮಾತ್ರ ನಡುವಿನ ದಾರಿ ತೆರೆಯುತ್ತದೆ. ಒಂದು ಹಲಗೆ ಕೂದಲೆಳೆಯಷ್ಟು ಹೆಚ್ಚು ಎದ್ದರೂ ಬೀಗ ಜಪ್ಪಯ್ಯ ಎನ್ನುವುದಿಲ್ಲ. ಪೆಟ್ಟಿಗೆಯ ಮೇಲೆ 6 ಲಿವರ್, 8 ಲಿವರ್ ಎಂದು ಬರೆದಿರುವುದು ಈ ಹಲಗೆಗಳ ಲೆಕ್ಕ. ಇನ್ನೊಂದು ಪಿನ್ನಿನ ಬೀಗ. ಪುಟ್ಟ ಪಿನ್ನುಗಳು ಸ್ಪ್ರಿಂಗಿನ ಒತ್ತಡದಲ್ಲಿ ನಿಂತಿರುತ್ತವೆ. ಚಾವಿಯ ಏರುತಗ್ಗು ಅವನ್ನೆಲ್ಲ ಒಂದೇ ಗೆರೆಗೆ ತಂದಾಗ ಒಳಗಿನ ಉರುಳೆ ತಿರುಗುತ್ತದೆ. ಇದರ ಮೂಲ ತತ್ವ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲಿಯೇ ಇತ್ತು. ಈಗಿನ ರೂಪಕ್ಕೆ ತಂದವರು ಅಮೆರಿಕದ ಲೈನಸ್ ಯೇಲ್, ತಂದೆ ಮತ್ತು ಮಗ, 19ನೇ ಶತಮಾನದ ನಡುವಿನಲ್ಲಿ.

ಬೀಗ ತೆರೆಯುವ ವಿದ್ಯೆಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಲಂಡನ್ನಿನಲ್ಲಿ ಒಮ್ಮೆ ಬಹಿರಂಗವಾಗಿಯೇ ಎದ್ದಿತ್ತು. ಜೋಸೆಫ್ ಬ್ರಾಮಾ ಕಂಪನಿಯವರು ತಮ್ಮ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ತೂಗುಹಾಕಿ, ಇದನ್ನು ತೆರೆಯಬಲ್ಲವರಿಗೆ 200 ಗಿನಿ ಎಂದು ಸವಾಲು ಹಾಕಿದ್ದರು. ದಶಕಗಳ ಕಾಲ ಯಾರೂ ಗೆಲ್ಲಲಿಲ್ಲ. 1851ರ ಮಹಾ ಪ್ರದರ್ಶನಕ್ಕೆ ಬಂದಿದ್ದ ಅಮೆರಿಕದ ಎ.ಸಿ. ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ಅದನ್ನು ತೆರೆದರು. ಅವರಿಗೆ ಸಂದ ಹಣ 51 ಗಂಟೆಯ ಕೂಲಿಯಲ್ಲ. ಆ ಬೆರಳುಗಳು ಅಷ್ಟು ವರ್ಷ ಕಲಿತದ್ದರ ಬೆಲೆ. ಔರಾದ್‌ನಿಂದ ಬಂದವರ ಹತ್ತು ನಿಮಿಷದ ಹಿಂದೆಯೂ ಅಂಥದೇ ವರ್ಷಗಳಿದ್ದವು. ಕಲಿಯದವರು ಅದೇ ಬೀಗದ ಮುಂದೆ ಮಧ್ಯಾಹ್ನದ ತನಕ ಕೂತು, ಕೊನೆಗೆ ಡ್ರಿಲ್ ಹಚ್ಚಿ ಕೆಡಿಸುತ್ತಾರೆ. ಬೇಗ ಮುಗಿಸಿದ್ದಕ್ಕೆ ಕಡಿಮೆ ಕೊಡುತ್ತೇವೆಂದರೆ, ಚೆನ್ನಾಗಿ ಕಲಿತವರಿಗೆ ದಂಡ ಹಾಕಿದಂತೆ.

ಯಾವುದಕ್ಕೆ ಎಷ್ಟು?

ಇಲ್ಲಿ ಬರೆದಿರುವುದು ಬೀದರ್, ಭಾಲ್ಕಿ, ಔರಾದ್‌ನಂಥ ಊರುಗಳಲ್ಲಿ ಹಗಲು ಹೊತ್ತಿನಲ್ಲಿ ಕೈಯಲ್ಲಿಟ್ಟುಕೊಂಡು ಹೋಗಬಹುದಾದ ಅಂದಾಜು. ಬೀಗದ ಜಾತಿ, ಹೊತ್ತು, ದೂರ ನೋಡಿ ಇದು ಏರುತ್ತದೆ, ಇಳಿಯುತ್ತದೆ. ಬೆಂಗಳೂರು, ಹೈದರಾಬಾದ್‌ನಲ್ಲಿ ಇದರ ಒಂದೂವರೆ, ಎರಡು ಪಟ್ಟು ಕೇಳಿದರೆ ಬೆಚ್ಚಬೇಕಿಲ್ಲ.

ಮೂಲ ಚಾವಿ ಕೈಯಲ್ಲಿದ್ದು ಅದರಂತೆ ಇನ್ನೊಂದು ಬೇಕೆಂದರೆ ಅದು ಎಲ್ಲಕ್ಕಿಂತ ಅಗ್ಗದ ಕೆಲಸ. ಸಾದಾ ಬೀಗ, ಕಪಾಟು, ಹಳೆ ಬೈಕಿನ ಚಾವಿಗೆ 40ರಿಂದ 100 ರೂಪಾಯಿ. ಎರಡೂ ಬದಿ ಕೊರೆದದ್ದು, ಮೈಮೇಲೆ ಗುಳಿ ಇರುವುದು, ಹೆಸರುವಾಸಿ ಕಂಪನಿಯ ದಪ್ಪ ಚಾವಿ ಆದರೆ 100ರಿಂದ 300. ಮೂಲವೇ ಇಲ್ಲದಾಗ ಬೀಗದ ಗುರುತು ಹಿಡಿದು ಹೊಸದು ಮಾಡಲು 150ರಿಂದ 400. ಬೀಗ ಬಿಚ್ಚಿ ಅಂಗಡಿಗೇ ಒಯ್ಯಲು ಬರುವಂತಿದ್ದರೆ ಈ ಬೆಲೆ ಕೆಳಗಿನ ತುದಿಯಲ್ಲೇ ನಿಲ್ಲುತ್ತದೆ.

ಮನೆಯ ಹೊರಬಾಗಿಲು ತೆರೆಯಲು 200ರಿಂದ 500. ಬಾಗಿಲೊಳಗೇ ಕೂತಿರುವ ಇಂಟರ್‌ಲಾಕ್ ಆದರೆ 400ರಿಂದ 1,000. ರಾತ್ರಿ ಹೊತ್ತಾದರೆ ಅರ್ಧದಷ್ಟೋ, ಇನ್ನೊಂದು ಪಟ್ಟೋ ಹೆಚ್ಚು. ನಿದ್ದೆಗೂ ಬೆಲೆಯಿದೆ.

ಕಬ್ಬಿಣದ ಬೀರು ನಮ್ಮ ಮನೆಮನೆಯ ತಿಜೋರಿ. ಆರ್ದೇಶಿರ್ ಗೋದ್ರೆಜ್ ವಕೀಲಿ ಬಿಟ್ಟು 1897ರಲ್ಲಿ ಮುಂಬೈಯಲ್ಲಿ ಬೀಗ ಮಾಡಲು ಕೂತರು. ಆ ಹೆಸರು ಎಷ್ಟು ಬೇರೂರಿತೆಂದರೆ ನಮ್ಮ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿದ ಬೀರುವನ್ನೂ ಜನ ಗೋದ್ರೆಜ್ ಎಂದೇ ಕರೆಯುತ್ತಾರೆ. ಬೆಲೆ ಕೇಳುವಾಗ ಮಾತ್ರ ಇವೆರಡನ್ನೂ ಬೇರೆ ಮಾಡಿ ಹೇಳಬೇಕು. ಊರಲ್ಲೇ ಮಾಡಿದ ಬೀರುವಿನ ಬೀಗ 200, 300ಕ್ಕೆ ತೆರೆಯುತ್ತದೆ. ಕಂಪನಿಯದಕ್ಕೆ 300ರಿಂದ 700 ಹಿಡಿಯಬಹುದು. ನಂಬರ್ ತಿರುಗಿಸುವ ನಿಜವಾದ ತಿಜೋರಿ ಸಾವಿರಗಳ ಮಾತು. ಅದಕ್ಕೆ ಮೊದಲು ಕಂಪನಿಯ ಸೇವಾ ವಿಭಾಗವನ್ನೇ ಕೇಳುವುದು ಲೇಸು.

ಬೈಕಿನ ಚಾವಿ ಕಳೆದರೆ ಹೊಸದು ಮಾಡಲು 200ರಿಂದ 500. ಇಗ್ನಿಷನ್, ಪೆಟ್ರೋಲ್ ಟ್ಯಾಂಕ್, ಸೀಟು ಮೂರಕ್ಕೂ ಹೊಸ ಲಾಕ್ ಸೆಟ್ ಕೂರಿಸಲು 600ರಿಂದ 1,500. ಜನ ಬೆಚ್ಚಿಬೀಳುವುದು ಕಾರಿನ ಚಾವಿಗೆ. ಹಳೆಯ ಕಾರಿಗೆ 300ರಿಂದ 800ರಲ್ಲಿ ಮುಗಿಯುತ್ತದೆ. ಆದರೆ ಈಗಿನ ಬಹುಪಾಲು ಕಾರುಗಳ ಚಾವಿಯ ತಲೆಯೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಕಾರು ಅದನ್ನು ಗುರುತು ಹಿಡಿಯದಿದ್ದರೆ ಎಂಜಿನ್ ಹೊತ್ತುವುದೇ ಇಲ್ಲ. ಹಲ್ಲು ಕೊರೆಯುವುದು ಅರ್ಧ ಕೆಲಸ; ಚಿಪ್ಪಿಗೆ ಕಾರಿನ ಗುರುತು ಕಲಿಸುವುದು ಉಳಿದರ್ಧ. ಅದಕ್ಕೆ 2,000ದಿಂದ 6,000, ಗುಂಡಿ ಒತ್ತಿ ಚಾಲೂ ಮಾಡುವ ಸ್ಮಾರ್ಟ್ ಚಾವಿಗೆ 6,000ದಿಂದ ಮೇಲೆ. ಕಂಪನಿಯ ಶೋರೂಮಿನಲ್ಲಿ ಇನ್ನೂ ಹೆಚ್ಚು. ವಿಮೆ ಮಾಡಿಸುವಾಗ ಚಾವಿ ಕಳೆದರೆ ಪರಿಹಾರ ಕೊಡುವ ಸೇರ್ಪಡೆ ಸೇರಿಸಿಕೊಂಡಿದ್ದೀರಾ ನೋಡಿ. ಇದ್ದರೆ ಪೊಲೀಸರಿಗೆ ಕಳೆದ ವಸ್ತುವಿನ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಅಂಕಿಗಳಲ್ಲಿ ಎದೆಗೆ ಇಳಿಸಿಕೊಳ್ಳಬೇಕಾದದ್ದು ಒಂದೇ. 60 ರೂಪಾಯಿಯಲ್ಲಿ ಆಗುವ ಎರಡನೆಯ ಚಾವಿಯನ್ನು ಇಂದು ಮಾಡಿಸದಿದ್ದರೆ, ನಾಳೆ ಅದೇ ಬೀಗಕ್ಕೆ ಐನೂರು ತೆರಬೇಕು. ಕಾರಿಗಂತೂ ಎರಡನೆಯ ಚಾವಿ ಇರುವಾಗಲೇ ಮೂರನೆಯದನ್ನು ಮಾಡಿಸುವುದು ಅಗ್ಗ. ಇದ್ದ ಒಂದೂ ಕಳೆದ ಮೇಲೆ ಖರ್ಚೂ ಹೆಚ್ಚು, ಕಷ್ಟವೂ ಹೆಚ್ಚು.

ರಸ್ತೆಯ ಬೆಲೆ

ಪಟ್ಟಣದಲ್ಲಿ ಕೀಲಿ ಮಾಡುವವರು ಬಸ್ ನಿಲ್ದಾಣದ ಪಕ್ಕವೋ, ಪೇಟೆಯ ಮೂಲೆಯಲ್ಲೋ ಛತ್ರಿ ಹಾಕಿಕೊಂಡು ಕೂತಿರುತ್ತಾರೆ. ಚಿಂತಾಕಿಯಂಥ ಊರಿಗೆ, ಅದರಾಚೆಯ ಹಳ್ಳಿ ತಾಂಡಾಗಳಿಗೆ ಅವರು ಬರಬೇಕು. ಬೀದರ್‌ನಿಂದ ಔರಾದ್‌ಗೇ ಸುಮಾರು 40 ಕಿಲೋಮೀಟರ್. ಅಲ್ಲಿಂದ ಮುಂದೆ ಇನ್ನಷ್ಟು. ಪೆಟ್ರೋಲು ಸುಟ್ಟು ಬರುವವರು ಆ ಅರ್ಧ ದಿನ ತಮ್ಮ ಅಂಗಡಿ ಮುಚ್ಚಿ ಬರುತ್ತಾರೆ. ಆ ಹೊತ್ತಿನಲ್ಲಿ ಬರಬಹುದಾಗಿದ್ದ ನಾಲ್ಕು ಗಿರಾಕಿಗಳು ತಪ್ಪುತ್ತಾರೆ. ಬೀಗದ ಬೆಲೆ ಪಟ್ಟಣದಲ್ಲಿ ಹೆಚ್ಚು, ರಸ್ತೆಯ ಬೆಲೆ ಹಳ್ಳಿಯಲ್ಲಿ ಹೆಚ್ಚು. ಹಳ್ಳಿಯ ಜನ ದುಬಾರಿ ಎಂದು ಗೊಣಗುವುದು ಬಹಳ ಸಲ ಈ ರಸ್ತೆಯ ಪಾಲಿಗೆ.

ಈ ಸೀಮೆಯಲ್ಲಿ ಬೀಗ ಬಿದ್ದ ಮನೆಗಳು ಅಪರೂಪವಲ್ಲ. ದುಡಿಮೆ ಹುಡುಕಿ ಹೈದರಾಬಾದ್, ಪುಣೆ, ಮುಂಬೈಗೆ ಹೋದವರ ಮನೆಗಳು, ಕಬ್ಬು ಕಡಿಯಲು ಹೊರಟ ತಾಂಡಾದ ಕುಟುಂಬಗಳ ಮನೆಗಳು ತಿಂಗಳುಗಟ್ಟಲೆ ಬೀಗ ಕಾಣುತ್ತವೆ. ಹಿಂದಿರುಗಿದಾಗ ಚಾವಿ ಇದ್ದರೂ ಬೀಗ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಊರು ಬಿಡುವ ಮುಂಚೆ ಬೀಗಕ್ಕೊಂದು ಪ್ಲಾಸ್ಟಿಕ್ ಹಾಳೆಯ ಹೊದಿಕೆ, ಒಳಗೆ ಸೀಸದ ಕಡ್ಡಿಯ ಪುಡಿ, ಅಂದರೆ ಗ್ರಾಫೈಟ್ ಹಾಕಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಅಡುಗೆ ಎಣ್ಣೆ ಮಾತ್ರ ಬೇಡ. ಅದು ಕೆಲವೇ ದಿನದಲ್ಲಿ ಧೂಳು ಹಿಡಿದು ಅಂಟಾಗಿ ಪಿನ್ನುಗಳನ್ನೇ ಕೂರಿಸಿಬಿಡುತ್ತದೆ.

ರಸ್ತೆಯ ಬೆಲೆಯನ್ನು ಹಂಚಿಕೊಳ್ಳುವುದಕ್ಕೂ ದಾರಿ ಇದೆ. ಒಬ್ಬರ ಮನೆಗೆ ಕೀಲಿಯವರು ಬರುವ ದಿನ ಓಣಿಯಲ್ಲಿ ಒಂದು ಮಾತು ಹಾಕಿದರೆ, ಕೆಟ್ಟ ಬೀರು, ಸಡಿಲಾದ ಕೊಂಡಿ, ಎರಡನೆಯ ಚಾವಿ ಬೇಕಾದ ಬೈಕು, ಹೀಗೆ ನಾಲ್ಕೈದು ಕೆಲಸ ಒಟ್ಟಿಗೆ ಕೂಡುತ್ತವೆ. ಬಂದವರಿಗೆ ದಿನದ ದುಡಿಮೆ ಪೂರ್ತಿ ಸಿಗುತ್ತದೆ, ಪ್ರತಿ ಮನೆಯ ಮೇಲೆ ಬೀಳುವ ಓಡಾಟದ ಖರ್ಚು ಐವತ್ತಕ್ಕೆ ಇಳಿಯುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಲೆಕ್ಕ ಹಾಕುತ್ತ ಕೂರಬಾರದು. ಒಳಗೆ ಮಗು ಸಿಕ್ಕಿಬಿದ್ದರೆ, ವಯಸ್ಸಾದವರು ಬಿದ್ದು ಏಳದಿದ್ದರೆ, ಒಲೆಯ ಮೇಲೆ ಪಾತ್ರೆ ಹೊತ್ತಿದರೆ 112ಕ್ಕೆ ಕರೆ ಮಾಡಿ, ಬಾಗಿಲು ಒಡೆಯಿರಿ. ಮಾವನ ಕಾಲದ ಸಾಗವಾನಿಯೂ ಆ ಹೊತ್ತಿನಲ್ಲಿ ಬರೀ ಕಟ್ಟಿಗೆ.

ಎಚ್ಚರ ತಪ್ಪಿದರೆ

ಬೀಗ ತೆರೆಯುವ ವಿದ್ಯೆ ನಂಬಿಕೆಯ ಮೇಲೆ ನಿಂತಿದೆ; ಆದ್ದರಿಂದಲೇ ಅದನ್ನು ದುರುಪಯೋಗ ಮಾಡಿಕೊಳ್ಳುವವರೂ ಇದ್ದಾರೆ. ಬೀರು ರಿಪೇರಿ ಎಂದು ಕೂಗುತ್ತ ಬರುವ ಇಬ್ಬರು, ಮನೆಯಲ್ಲಿ ಹೆಂಗಸರು ಮಾತ್ರ ಇರುವ ಹೊತ್ತು ನೋಡಿ ಒಳಗೆ ಬರುತ್ತಾರೆ. ಚಾವಿ ಕಾಯಿಸಬೇಕು ಎಂದು ಒಬ್ಬರನ್ನು ಅಡುಗೆಮನೆಗೆ, ಎಣ್ಣೆ ತನ್ನಿ ಎಂದು ಇನ್ನೊಬ್ಬರನ್ನು ಹಿತ್ತಿಲಿಗೆ ಕಳಿಸುತ್ತಾರೆ. ಆ ಎರಡು ನಿಮಿಷದಲ್ಲಿ ಬಂಗಾರ ಚೀಲ ಸೇರುತ್ತದೆ. ಚಾವಿ ಒಳಗೆ ಸಿಕ್ಕಿಕೊಂಡಿದೆ, ಸಂಜೆ ಬಂದು ತೆಗೆಯುತ್ತೇವೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಹೇಳಿ ಹೋದವರು ಮತ್ತೆ ಬರುವುದಿಲ್ಲ. ದೇಶದ ಹಲವು ಊರುಗಳ ಠಾಣೆಗಳಲ್ಲಿ ದಾಖಲಾದ ತಂತ್ರ ಇದು. ಬೀರು ತೆರೆಯುವಾಗ ಮನೆಯವರು ಅಲ್ಲಿಂದ ಕದಲಬಾರದು, ಕೆಲಸ ಮುಗಿದೊಡನೆ ಬಾಗಿಲು ತೆರೆದು ಒಳಗಿನದನ್ನು ನೋಡಿಯೇ ಹಣ ಕೊಡಬೇಕು.

ಪಟ್ಟಣದಲ್ಲಿ ಇನ್ನೊಂದು ಬಗೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ನಂಬರಿಗೆ ಕರೆ ಮಾಡಿದರೆ "200 ರೂಪಾಯಿಯಿಂದ ಆರಂಭ" ಎನ್ನುತ್ತಾರೆ. ಬಂದವರು ಬೀಗ ನೋಡಿದೊಡನೆ ತಲೆಯಾಡಿಸಿ, ಇದು ತೆರೆಯುವುದಿಲ್ಲ, ಕೊರೆಯಲೇಬೇಕು, ಹೊಸ ಬೀಗ ನಮ್ಮ ಹತ್ತಿರವೇ ಇದೆ ಎಂದು ಎರಡೂವರೆ ಸಾವಿರಕ್ಕೆ ಏರಿಸುತ್ತಾರೆ. ಸಾದಾ ಮನೆಬೀಗಕ್ಕೆ ಮೊದಲ ಏಟಿಗೇ ಡ್ರಿಲ್ ಬೇಕಾಗುವುದು ಅಪರೂಪ. ಆದ್ದರಿಂದ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ: ಬಂದು ಹೋಗುವುದಕ್ಕೆ ಎಷ್ಟು, ತೆರೆಯುವುದಕ್ಕೆ ಎಷ್ಟು, ತೆರೆಯಲಾಗದಿದ್ದರೆ ಎಷ್ಟು? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಜಿಎಸ್‌ಟಿ ಸೇರಿಸಿ ಕೇಳಿದರೆ ಜಿಎಸ್‌ಟಿ ನಂಬರ್ ಇರುವ ಬಿಲ್ ಕೇಳಿ. ವರ್ಷಕ್ಕೆ 20 ಲಕ್ಷ ರೂಪಾಯಿ ಒಳಗಿನ ಸಣ್ಣ ಸೇವೆಯವರು ನೋಂದಣಿಯನ್ನೇ ಮಾಡಿಸಬೇಕಿಲ್ಲ, ನೋಂದಣಿ ಇಲ್ಲದವರು ಆ ತೆರಿಗೆ ವಸೂಲು ಮಾಡುವಂತಿಲ್ಲ. ಒಪ್ಪಿದ್ದಕ್ಕಿಂತ ಹೆಚ್ಚು ಕಿತ್ತುಕೊಂಡರೆ ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರು ಕೊಡಲು ಶುಲ್ಕವೂ ಇಲ್ಲ.

ಚಾವಿಯನ್ನು ಯಾರ ಕೈಗೆ ಕೊಡುತ್ತೇವೆ ಎಂಬುದು ಎಷ್ಟು ದೊಡ್ಡ ಮಾತು ಎಂಬುದಕ್ಕೆ ವಿಜಯಪುರ ಜಿಲ್ಲೆಯ ಮನಗೂಳಿ ಸಾಕ್ಷಿ. 2025ರ ಮೇ ತಿಂಗಳಲ್ಲಿ ಅಲ್ಲಿನ ರಾಷ್ಟ್ರೀಕೃತ ಬ್ಯಾಂಕ್ ಶಾಖೆಯೊಂದರಿಂದ ಜನ ಅಡವಿಟ್ಟಿದ್ದ 58 ಕೆ.ಜಿ.ಗೂ ಹೆಚ್ಚು ಚಿನ್ನ ಕಳವಾಯಿತು. ನಕಲಿ ಚಾವಿಗಳ ನೆರವಿನಿಂದ ಈ ಕೃತ್ಯ ನಡೆಯಿತೆಂದು ತನಿಖೆ ನಡೆಸಿದ ಪೊಲೀಸರು ಹೇಳಿದರು. ಅಷ್ಟು ಭಾರದ ಕಬ್ಬಿಣದ ಬಾಗಿಲನ್ನು ಕಾಯುತ್ತಿದ್ದದ್ದು ಅಂಗೈಯಲ್ಲಿ ಅಡಗುವ ಒಂದು ಲೋಹದ ತುಂಡು. ನಮ್ಮ ಮನೆಯ ಚಾವಿಯನ್ನು ಗ್ಯಾರೇಜಿನಲ್ಲಿ, ಕೆಲಸದವರ ಬಳಿ, ಬಾಡಿಗೆ ಬಿಟ್ಟುಹೋದವರ ಹತ್ತಿರ ಹಾಗೇ ಬಿಡುವ ಮುಂಚೆ ಇದನ್ನು ನೆನೆಯಬೇಕು. ಬಾಡಿಗೆ ಮನೆಗೆ ಬಂದ ಮೊದಲ ದಿನವೇ ಮಾಲೀಕರ ಒಪ್ಪಿಗೆ ಪಡೆದು ಹೊಸ ಬೀಗ ಹಾಕಿಸುವುದು ಮುನ್ನೂರು, ನಾನೂರು ರೂಪಾಯಿಯ ನಿದ್ದೆ. ಬಾಡಿಗೆ ಬಾಕಿ ಎಂದು ಮಾಲೀಕರು ತಾವಾಗಿ ಬೀಗ ಒಡೆಸುವುದೂ ತಪ್ಪು. ಅದಕ್ಕೆ ನ್ಯಾಯಾಲಯದ ದಾರಿಯಿದೆ.

ಬ್ಯಾಂಕಿನ ಲಾಕರ್ ಚಾವಿ ಕಳೆದರೆ

ಇದು ರಸ್ತೆ ಬದಿಯ ಕೆಲಸವಲ್ಲ. ಕೂಡಲೇ ಬ್ಯಾಂಕಿಗೆ ಬರೆದು ಕೊಡಬೇಕು. ಲಾಕರ್ ಮಾಡಿದ ಕಂಪನಿಯವರು ಬಂದು ನಿಮ್ಮ ಎದುರಿನಲ್ಲೇ ಒಡೆದು, ಹೊಸ ಬೀಗ ಕೂರಿಸುತ್ತಾರೆ. ಖರ್ಚು ನಿಮ್ಮದೇ, ಅದು ಸಾವಿರಗಳಲ್ಲಿ ಬರುತ್ತದೆ. ಆದರೆ ನಿಮಗೆ ತಿಳಿಸದೆ ಒಡೆಯುವ ಹಕ್ಕು ಬ್ಯಾಂಕಿಗಿಲ್ಲ. ಕೋಲ್ಕತ್ತದ ಅಮಿತಾಭ ದಾಸ್‌ಗುಪ್ತಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 19ರಂದು ಇದನ್ನು ಗಟ್ಟಿಯಾಗಿ ಹೇಳಿತು. ಬಾಡಿಗೆ ಕಟ್ಟಿದ್ದರೂ ನೋಟಿಸ್ ಇಲ್ಲದೆ ಲಾಕರ್ ಒಡೆದದ್ದಕ್ಕೆ ಬ್ಯಾಂಕ್ 5 ಲಕ್ಷ ರೂಪಾಯಿ ಪರಿಹಾರ ಮತ್ತು 1 ಲಕ್ಷ ರೂಪಾಯಿ ಖರ್ಚು ಕೊಡಬೇಕಾಯಿತು. ಆರು ತಿಂಗಳೊಳಗೆ ನಿಯಮ ಮಾಡಿ ಎಂದು ಕೋರ್ಟ್ ರಿಸರ್ವ್ ಬ್ಯಾಂಕಿಗೆ ಸೂಚಿಸಿತು. ಆ ಆಗಸ್ಟ್‌ನಲ್ಲಿ ಬಂದ ನಿಯಮಗಳು 2022ರ ಜನವರಿ 1ರಿಂದ ಜಾರಿಯಾದವು, ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸಿದವು. ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ವರ್ಷದ ಬಾಡಿಗೆಯ ನೂರು ಪಟ್ಟು ಬ್ಯಾಂಕಿನ ಹೊಣೆ. ಏಳು ವರ್ಷ ಲಾಕರ್ ಮುಟ್ಟದೆ, ಹುಡುಕಿದರೂ ಸಿಗದೆ ಹೋದರೆ, ಬಾಡಿಗೆ ಸಂದಾಯವಾಗುತ್ತಿದ್ದರೂ ಬ್ಯಾಂಕ್ ಅದನ್ನು ತೆರೆಯಬಹುದು. ಊರಿಗೆ ಬಂದಾಗ ವರ್ಷಕ್ಕೊಮ್ಮೆಯಾದರೂ ಲಾಕರ್ ತೆರೆದು ಮುಚ್ಚಿ ಬನ್ನಿ.

ಅರ ಹಿಡಿದ ಕೈಗಳು

ದರದ ಮಾತಾಡಿ ಅದನ್ನು ಪಡೆಯುವವರ ಮಾತಾಡದಿದ್ದರೆ ಲೇಖನ ಅರ್ಧವಾಗುತ್ತದೆ. ದಖ್ಖನಿನ ಊರುಗಳಲ್ಲಿ ಚಾವಿ ಮಾಡುವವರಲ್ಲಿ ಸಿಕ್ಲಿಗಾರ ಸಿಖ್ಖರು ಬಹಳ ಇದ್ದಾರೆ. ಒಂದು ಕಾಲಕ್ಕೆ ಕತ್ತಿ, ಈಟಿ ಮಸೆದು ಹೊಳಪು ಕೊಡುತ್ತಿದ್ದ ಮನೆತನಗಳವು. ಆಯುಧಗಳ ಕಾಲ ಮುಗಿದಾಗ ಅದೇ ಅರ, ಅದೇ ಕಣ್ಣು ಚಾವಿಯ ಹಲ್ಲಿಗೆ ತಿರುಗಿತು. ನಾನಕ್ ಝರಾ ಗುರುದ್ವಾರ ಇರುವ ಬೀದರ್‌ನಿಂದ ಔರಾದ್, ದೇಗಲೂರು ದಾಟಿ ನಾಂದೇಡದ ಗುರುದ್ವಾರಕ್ಕೆ ಹೋಗುವ ದಾರಿಯಲ್ಲೇ ನಾವು ಬದುಕುತ್ತೇವೆ. ಆದರೂ ಈ ಕೈಗಳ ಚರಿತ್ರೆ ನಮಗೆ ಅಷ್ಟಾಗಿ ಗೊತ್ತಿಲ್ಲ.

ಕೈಕಸುಬಿಗೆ ಗೌರವ ಕೊಡುವುದು ಬೀದರ್‌ಗೆ ಹೊಸದಲ್ಲ. ಸತುವಿನ ಕಪ್ಪು ಮೈಮೇಲೆ ಬೆಳ್ಳಿ ಎಳೆ ಕೂರಿಸುವ ಬಿದರಿ ಕಲೆಗೆ ಇಲ್ಲಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಿದರಿ ಹೂಜಿ ಕೊಳ್ಳುವಾಗ ಸತುವಿನ ತೂಕ ಹಾಕಿ ಬೆಲೆ ಕಟ್ಟುವವರು ಯಾರೂ ಇಲ್ಲ. ಚಾವಿ ಕೊಳ್ಳುವಾಗ ಮಾತ್ರ "ಹಿತ್ತಾಳೆ ತುಂಡಿಗೆ ಇಷ್ಟಾ?" ಎನ್ನುತ್ತೇವೆ.

ಅದೇ 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಬೀಗ ಮಾಡುವವರ ಹೆಸರೂ ಇದೆ. ಹೆಸರು ನೋಂದಾಯಿಸಿದವರಿಗೆ ಗುರುತಿನ ಚೀಟಿ, ಪ್ರಮಾಣಪತ್ರ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ. ಸಲಕರಣೆಗೆ 15,000 ರೂಪಾಯಿ. ಅಡಮಾನವಿಲ್ಲದೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷದವರೆಗೆ ಶೇ 5ರ ಬಡ್ಡಿಯ ಸಾಲ. ಅರ್ಜಿಯ ಮೊದಲ ಪರಿಶೀಲನೆ ನಡೆಯುವುದು ಗ್ರಾಮ ಪಂಚಾಯಿತಿಯಲ್ಲೇ. ಒಂದು ಹೋಬಳಿಗೆ ಒಬ್ಬರಾದರೂ ಓದಿದ ಹುಡುಗ ಅಥವಾ ಹುಡುಗಿ ಈ ಕಸುಬು ಕಲಿತು, ಆ 15,000ದ ಸಲಕರಣೆಯೊಂದಿಗೆ ಊರಲ್ಲೇ ಕೂತರೆ ಚಿಂತಾಕಿಯವರು ರಸ್ತೆಯ ಬೆಲೆ ತೆರಬೇಕಿಲ್ಲ. ಗುರುತಿನ ಚೀಟಿ ಇರುವ ಕೀಲಿಯವರನ್ನು ಮನೆಯೊಳಗೆ ಕರೆಯಲು ಅಂಜಿಕೆಯೂ ಇರುವುದಿಲ್ಲ. ನಮ್ಮ ಪಂಚಾಯಿತಿಗಳು ಇದನ್ನು ಮನಸ್ಸಿಟ್ಟು ಮಾಡಬೇಕು.

ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ

ನಮ್ಮ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಬಸವಕಲ್ಯಾಣವಿದೆ. ಶರಣರ ಕಾಲದಲ್ಲಿ ಅಲ್ಲಿನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಗೆ ಹಾಕಲಿಲ್ಲ. ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ಈ ಕಥೆಯನ್ನು ನಾವು ದುಡಿಯುವವರಿಗಷ್ಟೇ ಹೇಳುತ್ತ ಬಂದಿದ್ದೇವೆ: ಹೆಚ್ಚು ಕೇಳಬೇಡಿ ಎಂದು. ಕೊಡುವವರಿಗೂ ಅದು ಅಷ್ಟೇ ಸಲ್ಲುತ್ತದೆ. ದುಡಿದವರ ಪಾಲಿನ ಒಂದು ಹಿಡಿ ನಮ್ಮ ಮಡಕೆಯಲ್ಲಿ ಉಳಿದರೆ ಅದೂ ನಮ್ಮದಲ್ಲದ ಅಕ್ಕಿಯೇ. ಮೊದಲೇ ಬೆಲೆ ಕೇಳುವುದು ನಮ್ಮ ಹಕ್ಕು. ಒಪ್ಪಿದ ಮೇಲೆ, ಕೆಲಸ ಬೇಗ ಮುಗಿಯಿತೆಂದು ಚೌಕಾಸಿಗೆ ಇಳಿಯುವುದು ಹಕ್ಕಲ್ಲ.

ಮುಂದಿನ ಸಲ ಊರಿಗೆ ಹೋದಾಗ ಔರಾದ್‌ನಲ್ಲಿ ಬಸ್ಸಿಳಿದು ಆ ಕೀಲಿಯವರ ಛತ್ರಿಯ ಕೆಳಗೆ ಕೂತೆ. ಅಕ್ಕನ ಮನೆಯ ಚಾವಿ ಕೊಟ್ಟು, ಇಂಥವೇ ಎರಡು ಬೇಕು, ಎಷ್ಟಾಗುತ್ತದೆ ಎಂದು ಮೊದಲೇ ಕೇಳಿದೆ. "ನೂರಾ ಇಪ್ಪತ್ತು" ಎಂದರು. ಕೊಟ್ಟೆ. ಅವರು ಹಳೆಯದನ್ನು ಬೆರಳಲ್ಲಿ ಹೊರಳಿಸಿ ನೋಡಿ, "ಇದು ನಂದೇ ಕೈಯದ" ಎಂದು ನಕ್ಕರು. ಅರ ಆಡುವ ಸದ್ದು ಕೇಳುತ್ತ ಕೂತಿದ್ದೆ. ಈ ಸಲ ಗಡಿಯಾರ ನೋಡಲಿಲ್ಲ.

ಒಂದು ಚಾವಿ ಅಕ್ಕನ ಸೆರಗಿನಲ್ಲಿದೆ. ಒಂದು ಅವಳ ಮಗನ ಕೈಯಲ್ಲಿ. ಮೂರನೆಯದು ಪಕ್ಕದ ಮನೆಯ ಪಡಸಾಲೆಯ ಗೂಟಕ್ಕೆ ತೂಗುತ್ತಿದೆ, ಅಂದು ಬಂದು "ಹೌದು, ಇವರದೇ ಮನಿ" ಎಂದು ಸಾಕ್ಷಿ ಹೇಳಿದ ಅಜ್ಜನ ಟೊಪ್ಪಿಗೆಯ ಪಕ್ಕದಲ್ಲಿ.